ಮೂರು ಸಾಫ್ಟ್‌ವೇರುಗಳೂ ಅಕ್ಕನ ಸೀರೆಯ ಬಣ್ಣವೂ

ಆಯ್ಕೆ ಮಾಡುವುದು ಕೆಲವರಿಗೆ ಕೆಲಸ, ಕೆಲವರಿಗೆ ಕಾಯಿಲೆ. ನನ್ನದು ಕಾಯಿಲೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಗರದ ಸಂತೆಯಲ್ಲಿ ಹರಿವೆ ಸೊಪ್ಪೋ ಬಸಳೆಯೋ ಎಂದು ನಾನು ಯೋಚಿಸುತ್ತ ನಿಂತರೆ, ಸೊಪ್ಪಿನವಳು ನಾಲ್ಕು ಗಿರಾಕಿಗಳನ್ನು ಕಳಿಸಿ ಬಂದು, "ಟೀಚರಮ್ಮಾ, ನೀವು ನೋಡ್ತಾ ನೋಡ್ತಾನೇ ಎರಡೂ ಬಾಡಿದ್ವು" ಎನ್ನುತ್ತಾಳೆ. ನನ್ನ ಅಕ್ಕ ಹಾಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಅರ್ಧ ಊರಿನ ರವಿಕೆ ಹೊಲಿದವಳು ಅವಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಒಂದೇ ಸಲ ನೋಡುತ್ತಿದ್ದಳು. ನಾವಿಬ್ಬರೂ ಮದುವೆಯಾಗಲಿಲ್ಲ. ಅವಳು ಒಂದೇ ಮಾತಿಗೆ ಬೇಡ ಎಂದಳು, ನಾನು ಬಂದ ಗಂಡುಗಳನ್ನು ಹೋಲಿಸುತ್ತ ಹೋಲಿಸುತ್ತ ನಿವೃತ್ತಿಗೆ ಬಂದೆ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ಹೋದ ವರ್ಷ ಅಕ್ಕ ತೀರಿಕೊಂಡಳು. ಈಗ ಮನೆಯಲ್ಲಿ ಜಗಳಕ್ಕೆ ಸಿಗುವುದು ಕಂಪ್ಯೂಟರ್ ಮಾತ್ರ.

ನಿವೃತ್ತಿಯಾದಾಗ ಒಂದು ಕ್ಯಾಮೆರಾ ಕೊಳ್ಳುವ ಆಸೆಯಾಯಿತು. ಯಾವುದೆಂದು ಎಂಟು ತಿಂಗಳು ಓದಿದೆ. ಕೊನೆಗೆ ಅಕ್ಕನೇ ಅಂಗಡಿಗೆ ಬಂದು "ಆ ಕರೇದು ಕೊಡಿ" ಎಂದಳು. ಅಲ್ಲಿದ್ದವೆಲ್ಲ ಕರಿಯವೇ, ಆದರೂ ಅಂಗಡಿಯವರಿಗೆ ಯಾವುದೆಂದು ಅರ್ಥವಾಯಿತು. ಅವಳ ದನಿ ಹಾಗಿತ್ತು. "ರಾ ಫೈಲಲ್ಲೇ ತೆಗೀರಿ ಮೇಡಂ, ಆಮೇಲೆ ಏನ್ ಬೇಕಾದ್ರೂ ಮಾಡ್ಕಬಹುದು" ಎಂದು ಅಂಗಡಿಯವರು ಒಳಗೆ ಏನೋ ಒತ್ತಿ ಕೊಟ್ಟರು. ಆಮೇಲೆ ಏನು ಬೇಕಾದರೂ ಮಾಡಬಹುದು ಎಂಬ ಮಾತನ್ನು ನನ್ನಂಥವಳಿಗೆ ಯಾರೂ ಹೇಳಬಾರದು. ತಿಳಿಯದವರಿಗೆ ಹೇಳುವುದಾದರೆ, ಸಾಧಾರಣ ಫೋಟೋ ಎಂದರೆ ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ ಅನ್ನ. ರಾ ಎಂದರೆ ಬರೀ ಅಕ್ಕಿ. ಕಂಪ್ಯೂಟರಿಗೆ ಹಾಕಿ, ಒಂದು ಸಾಫ್ಟ್‌ವೇರಿನಲ್ಲಿ ತೆರೆದು, ಬೆಳಕು, ಬಣ್ಣ ಎಲ್ಲವನ್ನೂ ನಾವೇ ಹದ ಮಾಡಬೇಕು. ಯಾವ ಸಾಫ್ಟ್‌ವೇರ್ ಎಂದು ತೀರ್ಮಾನವಾಗದೆ ನನ್ನ ಬಳಿ ಮೂರು ವರ್ಷದ ಅಕ್ಕಿಮೂಟೆ ಇತ್ತೇ ಹೊರತು ಒಂದು ತುತ್ತು ಅನ್ನವಿರಲಿಲ್ಲ. "ಎಲ್ಲೇ ಫೋಟೋ?" ಎಂದು ಅಕ್ಕ ಕೇಳುವಳು. "ಇನ್ನೂ ಎಡಿಟ್ ಆಗ್ಬೇಕು ಕಣೆ" ಎನ್ನುವೆ. "ನಾನು ಹಿಂಗೆ ರವಿಕೆ ಹೊಲ್ದಿದ್ರೆ ಸಾಗರದ ಹೆಂಗಸ್ರೆಲ್ಲ ಮೈತುಂಬ ಸೆರಗು ಹೊದ್ಕಂಡೇ ತಿರುಗಬೇಕಿತ್ತು" ಎಂದು ಮೆಷಿನ್ ತುಳಿಯುವಳು. ನಾನು ತೆಗೆದ ತನ್ನ ಫೋಟೋ ಒಂದನ್ನೂ ನೋಡದೆ ಅವಳು ಹೋದಳು. ಇದು ನೆನಪಾದಾಗ ನನ್ನ ಮೇಲೆ ನನಗೇ ಬರುವ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ತಂಗಿ ಶಾರದೆ ಇರುವುದು ತೀರ್ಥಹಳ್ಳಿಯಲ್ಲಿ. ಅಕ್ಕನ ವರ್ಷದ ಎಡೆಯನ್ನು ಅವಳ ಮನೆಯಲ್ಲೇ ಇಡುವುದೆಂದು ಮಾತಾಗಿತ್ತು. ಮೀನುಸಾರು, ಕಡುಬು, ಎಲೆಅಡಿಕೆ, ಹೀಗೆ ಅಕ್ಕನಿಗೆ ಪ್ರೀತಿಯಾದದ್ದನ್ನೆಲ್ಲ ಬಾಳೆಲೆಗೆ ಬಡಿಸಲು ಶಾರದೆ ತಯಾರಿದ್ದಳು. ಆದರೆ ಎಡೆ ಇಡುವುದಕ್ಕೆ ಒಂದು ಫೋಟೋ ಬೇಕಲ್ಲ? ಅದು ನನ್ನ ಪಾಲಿಗೆ ಬಂದಿತ್ತು. ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು. "ಸಣ್ಣಕ್ಕಾ, ಆಯ್ತನೇ?" "ಸಾಫ್ಟ್‌ವೇರ್ ಒಂದು ಗೊತ್ತಾಗ್ಲಿ ಇರು." "ಎಂತ ಮಾರಾಯ್ತಿ, ಗಂಡು ನೋಡ್ದಂಗೆ ನೋಡ್ತಿದೀಯಲ್ಲ! ಆವಾಗ್ಲೂ ಹಿಂಗೇ ಮಾಡ್ದೆ." "ಹೌದೇ, ಆವಾಗ ತಪ್ಪು ಆರಿಸ್ಲಿಲ್ಲ ತಾನೆ?" ಎಂದು ನಾನು ಬಾಯಿ ಮುಚ್ಚಿಸಿದರೆ ಅವಳು ನಕ್ಕು, ಊಟ ಆಯಿತಾ ಎಂದು ಕೇಳಿ ಫೋನ್ ಇಡುತ್ತಿದ್ದಳು. ನಿಜ ಹೇಳಬೇಕೆಂದರೆ, ಫೋಟೋ ಕೊಟ್ಟುಬಿಟ್ಟರೆ ಈ ಫೋನೂ ವಾರಕ್ಕೊಂದಾಗುತ್ತದೆ ಎಂಬ ಹೆದರಿಕೆ ನನಗಿತ್ತು.

ಫೋಟೋ ಯಾವುದೆಂಬ ಬಗ್ಗೆ ಮಾತ್ರ ನನಗೆ ಗೊಂದಲವಿರಲಿಲ್ಲ. ಒಂದು ಮದುವೆಗೆಂದು ನಾವಿಬ್ಬರೂ ತೀರ್ಥಹಳ್ಳಿಗೆ ಹೊರಟಾಗ ಹೊಸನಗರದಲ್ಲಿ ಬಸ್ಸು ಟೀಗೆ ನಿಂತಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅಕ್ಕ, ಕೈಯಲ್ಲಿ ಲೋಟ, ಹೊಸ ಸೀರೆ, ಬಾಯಿ ಅರ್ಧ ತೆರೆದು ನನ್ನನ್ನು ಬೈಯುತ್ತಿದ್ದಾಳೆ. ಅದನ್ನು ತಿಂಗಳ ಬಾಡಿಗೆಯ ಸಾಫ್ಟ್‌ವೇರಿನಲ್ಲಿ ತೆರೆದೆ. ಸೀರೆ ಬದನೆಕಾಯಿ ಬಣ್ಣಕ್ಕೆ ಬಂತು. ಪುಕ್ಕಟೆ ಸಿಗುವುದೊಂದಿದೆ, ಅದರಲ್ಲಿ ತೆರೆದರೆ ಮುರುಗಲ ಹಣ್ಣಿನ ಕೆಂಪು. ಕ್ಯಾಮೆರಾದ ಜೊತೆಗೇ ಬಂದದ್ದರಲ್ಲಿ ನೇರಳೆ. ಮೂರೂ ಚೆಂದವಾಗಿಯೇ ಇದ್ದವು, ಮೂರನ್ನೂ ನಂಬಬಹುದಿತ್ತು. ಹಾಗಾದರೆ ನಿಜವಾದ ಬಣ್ಣ ಯಾವುದು? ಕಣ್ಣು ಮುಚ್ಚಿ ಕೂತು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಬೆಳಕು, ಬಣ್ಣ ಪಾಠ ಮಾಡಿದ ವಿಜ್ಞಾನದ ಟೀಚರಿಗೆ ಒಡಹುಟ್ಟಿದವಳ ಸೀರೆಯ ಬಣ್ಣ ನೆನಪಿಲ್ಲ! ಅವತ್ತು ಅಡಿಗೆಮನೆಗೆ ಹೋಗಿ ಅಳುತ್ತಲೇ ಈರುಳ್ಳಿ ಹೆಚ್ಚಿದೆ. ಯಾರಾದರೂ ಬಂದರೆ ನೆಪಕ್ಕಿರಲಿ ಎಂದು. ಯಾರೂ ಬರಲಿಲ್ಲ, ಈರುಳ್ಳಿ ಮಾತ್ರ ಮೂರು ದಿನಕ್ಕಾಗುವಷ್ಟು ಉಳಿಯಿತು.

ಇಂಟರ್‌ನೆಟ್ಟಿನಲ್ಲಿ ಈ ವಿಷಯವನ್ನೇ ಮಾತಾಡುವ ಜಗಲಿಗಳಿವೆ. ಅಲ್ಲಿ ನನ್ನ ಕಷ್ಟ ಬರೆದೆ. ಎಲ್ಲೆಲ್ಲಿಯವರೋ ಉತ್ತರಿಸಿದರು. ನಿಮ್ಮ ಮಾನಿಟರ್ ಸರಿ ಹೊಂದಿಸಿದ್ದೀರಾ, ಮೋಡವಿತ್ತೇ ಬಿಸಿಲಿತ್ತೇ, ಹೀಗೆ ದಿನಕ್ಕೆ ಒಬ್ಬರಾದರೂ ಏನಾದರೂ ಕೇಳುವರು. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ನಾನು ಅದನ್ನೇ ನೋಡುತ್ತಿದ್ದೆ. ಒಬ್ಬರಂತೂ ನಾಲ್ಕನೆಯ ಸಾಫ್ಟ್‌ವೇರ್ ಒಂದನ್ನು ಸೂಚಿಸಿದಾಗ ನನಗಾದ ಸಂತೋಷ ನೋಡಬೇಕಿತ್ತು. ಇನ್ನೊಂದು ತಿಂಗಳಿಗೆ ಕೆಲಸ ಸಿಕ್ಕಿತಲ್ಲ ಎಂದು. ಕೊನೆಗೆ ಒಬ್ಬ ಹೆಂಗಸು, ಯಾವ ದೇಶದವಳೋ, "ಇಷ್ಟೆಲ್ಲ ಯಾಕೆ, ಆ ಸೀರೆಯನ್ನೇ ತಂದು ಪಕ್ಕದಲ್ಲಿಟ್ಟು ನೋಡಿ" ಎಂದು ಬರೆದಳು. ಅಲ್ಲಿಗೆ ಚರ್ಚೆ ನಿಂತಿತು. ಅವಳ ಮೇಲೆ ನನಗೆ ವಿಪರೀತ ಕೋಪ ಬಂತು.

ಸೀರೆ ನನ್ನ ಬಳಿ ಇರಲಿಲ್ಲ. ಅಕ್ಕ ಹೋದ ಮೇಲೆ ಅವಳ ಸೀರೆಗಳನ್ನು ಹಂಚಿದಾಗ ಅದು ಶಾರದೆಗೆ ಹೋಗಿತ್ತು. ಎಡೆಗೆ ಎರಡು ದಿನ ಇರುವಾಗ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹೊಸನಗರದಲ್ಲಿ ಟೀಗೆ ನಿಲ್ಲಿಸಿದರು. ನಾನು ಇಳಿಯಲಿಲ್ಲ.

ಶಾರದೆ ಕಪಾಟಿನಿಂದ ಸೀರೆ ತೆಗೆದು ಕೈಗೆ ಕೊಟ್ಟಳು. ಮನೆಯೊಳಗಿನ ಟ್ಯೂಬ್‌ಲೈಟಿನಲ್ಲಿ ಅದರ ಬಣ್ಣ ನಾಲ್ಕನೆಯದೇ ಒಂದಾಗಿತ್ತು. "ದೊಡ್ಡಕ್ಕ ದಾರ ಹೊಂದಿಸಕ್ಕೆ ಬೀದಿಗೇ ಹೋಗ್ತಿದ್ಲು ಕಣೆ, ಲೈಟಲ್ಲಿ ನೋಡ್ತಿರ್ಲಿಲ್ಲ" ಎಂದು ಶಾರದೆ ನನ್ನನ್ನು ಅಂಗಳಕ್ಕೆ ಎಳೆದಳು. ಬಿಸಿಲಿನಲ್ಲಿ ಸೀರೆ ಸರಿಯಾಗಿ ಕಂಡಿತು, ಲ್ಯಾಪ್‌ಟಾಪಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ಒಳಗೆ ಬಂದರೆ ಲ್ಯಾಪ್‌ಟಾಪ್ ಕಾಣುತ್ತದೆ, ಸೀರೆ ಸುಳ್ಳಾಡುತ್ತದೆ. ನಾಲ್ಕು ಸಲ ಒಳಗೆ ಹೊರಗೆ ಓಡಾಡಿದ ಮೇಲೆ ಶಾರದೆ ಒಂದು ಬೆಡ್‌ಶೀಟ್ ತಂದು ಇಬ್ಬರ ತಲೆಯ ಮೇಲೂ ಲ್ಯಾಪ್‌ಟಾಪಿನ ಮೇಲೂ ಹೊದಿಸಿದಳು. ಸೀರೆಯ ಒಂದು ತುದಿ ಬಿಸಿಲಿಗೆ, ನಮ್ಮ ತಲೆ ಒಳಕ್ಕೆ. ಅರವತ್ತು ದಾಟಿದ ಇಬ್ಬರು ಅಂಗಳದಲ್ಲಿ ಹೀಗೆ ಕೂತಿರುವಾಗ ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದರು: "ಶಾರದಕ್ಕಾ, ಎಂತ, ನೆಗಡಿಗೆ ಹಬೆ ತಗಳ್ತಿದೀರಾ?" "ಹೂಂ ಮಾರಾಯ್ರೆ, ಇಬ್ರಿಗೂ ಒಟ್ಟಿಗೇ ಬಂದಿದೆ" ಎಂದಳು ಶಾರದೆ, ಬೆಡ್‌ಶೀಟಿನ ಒಳಗಿಂದಲೇ. ನಾನು ಎಷ್ಟು ದಿನದ ಮೇಲೋ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೂರರಲ್ಲೂ ತೋರಿಸಿದೆ. ಶಾರದೆ ಬಣ್ಣ ನೋಡಲೇ ಇಲ್ಲ. "ಯಾರ್ನ ಬೈತಿದಾಳೆ?" ಎಂದಳು. "ನನ್ನೇ." "ಏನಂತ?" ಅದು ಮಾತ್ರ ನನಗೆ ಚೆನ್ನಾಗಿ ನೆನಪಿತ್ತು. "ಆ ಕ್ಯಾಮೆರಾ ಡಬ್ಬಿ ಕೆಳಗಿಡೆ, ಟೀ ಆರ್ತಿದೆ, ನನ್ ಪಕ್ಕ ಬಂದು ಕೂತ್ಕೋ ಅಂತ." "ಕೂತ್ಯಾ?" "ಇಲ್ಲ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೀತು." ಶಾರದೆ ಸೀರೆಯ ತುದಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ "ಇದೇ ಸರಿ ಇದೆ, ನೇರಳೆ. ಮುಗೀತು" ಎಂದಳು. ಮುಗಿಯಿತು ಎಂಬ ಮಾತು ನನಗೆ ಬೇಕಿರಲಿಲ್ಲ. "ಇಲ್ವೇ, ಮುಖದ ಬಣ್ಣ ಇನ್ನೂ ಕೂತಿಲ್ಲ. ನಾಲ್ಕನೇದು ಒಂದಿದೆಯಂತೆ, ಮೂವತ್ತು ದಿನ ಪುಕ್ಕಟೆ ನೋಡ್ಬಹುದಂತೆ" ಎಂದು ನಾನು ಶುರುಮಾಡುವಷ್ಟರಲ್ಲಿ ಅವಳು ಒಂದು ಕೈಯಲ್ಲಿ ಬೆಡ್‌ಶೀಟ್ ಎತ್ತಿ, ಇನ್ನೊಂದು ಕೈಯಲ್ಲಿ ತನ್ನ ಮೊಬೈಲ್ ಹಿಡಿದು, ಲ್ಯಾಪ್‌ಟಾಪಿನ ಪರದೆಯ ಫೋಟೋವನ್ನೇ ಕ್ಲಿಕ್ ಎನಿಸಿ ಸ್ಟುಡಿಯೋಕ್ಕೆ ಕಳಿಸಿಬಿಟ್ಟಳು. ನನ್ನ ಮೂರು ವರ್ಷದ ಅಧ್ಯಯನ ಮೂರು ಸೆಕೆಂಡಿನಲ್ಲಿ ಮುಗಿಯಿತು. ಥೇಟ್ ಅಕ್ಕನ ತಂಗಿ.

ಸಂಜೆ ಕಟ್ಟು ಹಾಕಿಸಿದ ಫೋಟೋ ಬಂತು. ಬೆಡ್‌ಶೀಟ್ ಎತ್ತಿದಾಗ ಬೆಳಕು ಬಿದ್ದು, ಪರದೆಯ ಗಾಜಿನಲ್ಲಿ ನನ್ನ ಮುಖ ಮೂಡಿತ್ತು. ಹೊಸನಗರದ ಕಟ್ಟೆಯ ಮೇಲೆ ಅಕ್ಕ. ಅವಳ ಪಕ್ಕದಲ್ಲಿ ಕನ್ನಡಕದ ಮುದುಕಿಯೊಬ್ಬಳು, ಮಸುಕಾಗಿ, ಬಾಯಿ ಬಿಟ್ಟುಕೊಂಡು. ಸ್ಟುಡಿಯೋದವರು ಫೋನ್ ಮಾಡಿ ಇವರನ್ನು ಅಳಿಸಲೇ ಎಂದು ಕೇಳಿದ್ದರಂತೆ. "ಬ್ಯಾಡ, ಅವಳು ಅಲ್ಲೇ ಕೂತಿರ್ಲಿ" ಎಂದಿದ್ದಳಂತೆ ಶಾರದೆ. ಎಡೆಯ ದಿನ ದೊಡ್ಡ ರಾದ್ಧಾಂತವಾಯಿತು. ಬದುಕಿರುವವರ ಫೋಟೋಗೆ ಹಾರ ಹಾಕಬಾರದಲ್ಲ! ಹಿರಿಯರೆಲ್ಲ ಕೂಡಿ ಯೋಚಿಸಿ, ಹಾರವನ್ನು ಓರೆಯಾಗಿ ಅಕ್ಕನ ಕಡೆಗೆ ಮಾತ್ರ ಇಳಿಬಿಟ್ಟರು. ನನ್ನ ಪಾಲಿಗೆ ಹೂವು ಬರಲಿಲ್ಲ, ಕಡುಬು ಬಂತು.

ಅದರ ಇನ್ನೊಂದು ಪ್ರತಿಯನ್ನು ತಂದು ಸಾಗರದ ಮನೆಯಲ್ಲಿ ಹಾಕಿಕೊಂಡಿದ್ದೇನೆ. ಸೀರೆಯ ಬಣ್ಣ ಶುದ್ಧ ತಪ್ಪು. ಮೊಬೈಲಿನಲ್ಲಿ ಅದು ನೀಲಿಯಾಗಿಬಿಟ್ಟಿದೆ. ಬಂದವರು ಯಾರಾದರೂ "ಟೀಚರೇ, ನಿಮ್ಮ ಹತ್ರ ಅಷ್ಟೆಲ್ಲ ಸಾಫ್ಟ್‌ವೇರ್ ಇದೆಯಲ್ಲ, ತಿದ್ದಬಾರದಾ?" ಎನ್ನುತ್ತಾರೆ. ತಿದ್ದಬಹುದು, ಯಾವುದರಲ್ಲಿ ಬೇಕಾದರೂ ಆಗುತ್ತದೆ. ಆದರೆ ಮೂರೂ ಸಾಫ್ಟ್‌ವೇರುಗಳು ಒಪ್ಪುವ ಮಾತು ಒಂದೇ: ಆ ಫೋಟೋದಲ್ಲಿ ಮೊದಲು ತೆಗೆಯಬೇಕಾದ ತಪ್ಪು, ಅಕ್ಕನ ಪಕ್ಕ ಕೂತಿರುವ ನಾನು.