ತಂಗಿಯ ಸ್ಟಾಪ್‌ವಾಚು ಮತ್ತು ನನ್ನ ಕೊಸರು

ಸುಳ್ಳು ಹೇಳುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಏಳನೇ ತರಗತಿಗೇ ಶಾಲೆಗೆ ಬೆನ್ನು ತೋರಿಸಿದವನು ನಾನು. ಆದರೂ ಡಿಗ್ರಿ ಮಾಡಿರುವ ನನ್ನ ತಂಗಿಗೆ ಐದು ತಿಂಗಳು ಬಿಡದೆ ಸುಳ್ಳು ಹೇಳಿದೆ; ಅದೂ ಅಂಕಿಗಳಲ್ಲಿ, ಬಿಂದುವಿನ ಆಚೆಗಿನ ಅಂಕಿಯನ್ನೂ ಬಿಡದೆ. ಕೆಟ್ಟದ್ದಕ್ಕೆ ಹೇಳುವ ಸುಳ್ಳಾದರೆ ಎಂದಾದರೂ ಒಂದು ದಿನ ನಾಚಿಕೆಯಾಗಿ ನಿಲ್ಲಿಸಿಬಿಡುತ್ತೇವೆ. ಒಳ್ಳೆಯದಕ್ಕೆಂದು ಹೇಳುವ ಸುಳ್ಳಿಗೆ ಬ್ರೇಕೇ ಇರುವುದಿಲ್ಲ. ಹೇಳುವವನಿಗೆ ತಾನು ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂಬ ಭ್ರಮೆ ಬೇರೆ.

ತಂಗಿ ಪವಿತ್ರ ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕೂತರೆ ರಾತ್ರಿ ಎಂಟಾದರೂ ಎದ್ದು ಬರುವ ಹಾಗಿಲ್ಲ. ಹೀಗೆ ಎರಡು ವರ್ಷ ಕೂತ ಮೇಲೆ ಅವಳ ಕತ್ತು ಎಡಕ್ಕೆ ತಿರುಗುವುದನ್ನೇ ಬಿಟ್ಟಿತು. ಡಾಕ್ಟರು ಈಜಲು ಹೇಳಿದರು. ಅವರು ಔಷಧಿಯ ಲೆಕ್ಕದಲ್ಲಿ ಹೇಳಿದ್ದನ್ನು ಇವಳು ಊಟದ ಲೆಕ್ಕದಲ್ಲಿ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ನಮ್ಮ ಕೊತ್ತತ್ತಿಯ ನಾಲೆಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಅವಳಿಗೆ ಈಜು ಕಲಿಸಿದವನು ನಾನೇ. ಹಾಗಾಗಿ ದಿನವೂ ಬೆಳಿಗ್ಗೆ ಐದಕ್ಕೆ ಎದ್ದು, ಬೈಕಿನ ಹಿಂದೆ ಅವಳನ್ನೂ, ಮುಂದೆ ಮಾರುಕಟ್ಟೆಗೆ ಒಯ್ಯುವ ಸೊಪ್ಪಿನ ಮೂಟೆಯನ್ನೂ ಇಟ್ಟುಕೊಂಡು ಮಂಡ್ಯದ ಈಜುಕೊಳಕ್ಕೆ ಹೋಗುವುದು ನನ್ನ ಪಾಲಿಗೆ ಬಂತು. ಅವ್ವನಿಗೆ ಮಾತ್ರ ಇದು ತಲೆಗೇ ಹತ್ತಲಿಲ್ಲ. "ಆಪೀಸ್ನಲ್ಲಿ ಕುಂತು ಕತ್ತು ನೋವು ಅಂತಳೆ, ನೀರ್ಗೆ ಬಿದ್ದು ತೋಳು ನೋವು ಅಂತಳೆ. ಒಂದ್ ಕಡೆ ನೋವು ಸಾಲ್ದೇನ್ಲಾ ಇವ್ಳಿಗೆ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಹೀಗಿರುವಾಗ ನೌಕರರ ಕ್ರೀಡಾಕೂಟದಲ್ಲಿ ಐವತ್ತು ಮೀಟರು ಈಜುತ್ತೇನೆಂದು ಪವಿತ್ರ ಹೆಸರು ಕೊಟ್ಟಳು. ಅಭ್ಯಾಸಕ್ಕೆ ಸಂಜೆ ಐದೂವರೆಗೆ ಬಿಡಬೇಕೆಂದು ಸಾಹೇಬರನ್ನು ಕೇಳಿದಳು. ಅವರು, "ಮೊದಲ ಮೂರರಲ್ಲಿ ಬಾರಮ್ಮ, ಆಮೇಲೆ ವರ್ಷ ಪೂರ್ತಿ ಐದೂವರೆಗೇ ಕಳಿಸ್ತೀನಿ. ಬರದಿದ್ರೆ ಈಜೂ ಬೇಡ ಗೀಜೂ ಬೇಡ, ಸುಮ್ನೆ ಫೈಲು ನೋಡು" ಎಂದರಂತೆ. ಅಂದರೆ ಪದಕಕ್ಕಿಂತ ದೊಡ್ಡದು ಆ ಸಂಜೆಗಳು. ಅವು ಸಿಕ್ಕರೆ ಅವಳ ಕತ್ತು ಉಳಿಯುತ್ತದೆ, ಮುಖದಲ್ಲಿ ನಗು ಉಳಿಯುತ್ತದೆ. ಇಲ್ಲದಿದ್ದರೆ ಎರಡನ್ನೂ ಫೈಲು ತಿನ್ನುತ್ತದೆ.

ಪವಿತ್ರ ಒಂದು ಸ್ಟಾಪ್‌ವಾಚು ತಂದು ನನ್ನ ಕೊರಳಿಗೆ ಹಾಕಿದಳು. ನನ್ನ ಕೊರಳಿಗೆ ಮದುವೆಯ ಹಾರ ಬಿಟ್ಟರೆ ಬಿದ್ದ ಗೌರವ ಅದೊಂದೇ. ಅವಳು ನೀರಿಗೆ ಹಾರಿದಾಗ ಒತ್ತಬೇಕು, ಗೋಡೆ ಮುಟ್ಟಿದಾಗ ಒತ್ತಬೇಕು, ಓದಿ ಹೇಳಬೇಕು. ಕಂಪ್ಯೂಟರು ನೋಡಿ ನೋಡಿ ಕೆಟ್ಟ ಕಣ್ಣು ಅವಳದು. ಕನ್ನಡಕ ತೆಗೆದರೆ ನನ್ನ ಮುಖವೇ ಮಸುಕು, ಇನ್ನು ವಾಚು ದೂರದ ಮಾತು. ಮೊದಲ ವಾರವೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: ಐವತ್ತೆರಡು ಸೆಕೆಂಡು. ಆಮೇಲೆ ಕಚೇರಿಯಲ್ಲಿ ಆಡಿಟ್ ಶುರುವಾಯಿತು. ಒಂದು ಬೆಳಿಗ್ಗೆ ಬೈಕಿನ ಮೇಲೇ ನನ್ನ ಬೆನ್ನಿಗೊರಗಿ ನಿದ್ದೆ ಮಾಡುತ್ತಾ ಬಂದವಳು ಈಜಿ ಗೋಡೆ ಹಿಡಿದು, ತಲೆ ಎತ್ತಿ, "ಎಷ್ಟ್ ಬಂತಣ್ಣ?" ಎಂದಳು. ವಾಚಿನಲ್ಲಿ ಐವತ್ತಮೂರಿತ್ತು. ನಾನು, "ಐವತ್ತು ಕಣವ್ವ" ಎಂದೆ. "ದಿಟ್ವಾ?" ಎಂದು ನೀರಿನಲ್ಲೇ ಕುಣಿದಳು.

ನನ್ನನ್ನು ತೀರಾ ಕೆಟ್ಟವನೆಂದು ತಿಳಿಯಬೇಡಿ. ತಕ್ಕಡಿ ಸರಿಯಾಗಿ ನಿಂತ ಮೇಲೂ ಎರಡು ಬದನೆಕಾಯಿ ಕೊಸರು ಹಾಕುವುದು ನಮ್ಮ ವ್ಯಾಪಾರದ ಮರ್ಯಾದೆ. ಹಾಕದಿದ್ದರೆ, "ಏನ್ಲಾ ಇಷ್ಟೊಂದು ಬಿಗಿ ನಿನ್ ಕೈ?" ಎಂದು ಗಿರಾಕಿಗಳು ಮಾನ ಕಳೆಯುತ್ತಾರೆ. ಪರರಿಗೆ ಬದನೆಕಾಯಿ ಕೊಡುವವನು ಒಡಹುಟ್ಟಿದವಳಿಗೆ ಮೂರು ಸೆಕೆಂಡು ಕೊಡಬಾರದೇ? ಆದರೆ ಬದನೆಕಾಯಿಯನ್ನು ತಿಂದರೆ ಮುಗಿಯಿತು, ಸೆಕೆಂಡು ಮುಗಿಯುವುದಿಲ್ಲ. ನಿನ್ನೆ ಐವತ್ತೆಂದವನು ಇಂದು ಐವತ್ತೆರಡು ಎನ್ನುವುದು ಹೇಗೆ? ನಲವತ್ತೊಂಬತ್ತು ಎಂದೆ. ಮುಂದಿನ ತಿಂಗಳು ನಲವತ್ತೇಳು. ಅವಳು ನಿಜವಾಗಿಯೂ ಸುಧಾರಿಸುತ್ತಲೇ ಇದ್ದಳು, ಆದರೆ ನನ್ನ ಬಾಯಿಯ ವೇಗಕ್ಕೆ ಅವಳ ತೋಳು ಸಾಟಿಯಾಗಲಿಲ್ಲ. ವಾಚು ನಲವತ್ತೊಂಬತ್ತರಲ್ಲಿ ನಿಂತಾಗ ನಾನು ನಲವತ್ತನಾಲ್ಕಕ್ಕೆ ತಲುಪಿದ್ದೆ.

ಹಿಂದಿನ ವರ್ಷ ಮೂರನೆಯವಳು ತೆಗೆದುಕೊಂಡ ಸಮಯ ನಲವತ್ತೈದು. "ಇನ್ನೇನು ಬುಡಣ್ಣ, ಗೆದ್ದಂಗೇಯ. ವಾರಕ್ಕೆ ಮೂರು ದಿನ ಬಂದ್ರೆ ಸಾಕು" ಎಂದಳು ಪವಿತ್ರ. ಅಷ್ಟೇ ಅಲ್ಲ, ಹೆರಿಗೆ ರಜೆಗೆ ಹೋದ ಗೆಳತಿಯ ಟೇಬಲ್ಲಿನ ಕೆಲಸವನ್ನೂ, ಹೇಗೂ ಕೂಟ ಮುಗಿದ ಮೇಲೆ ಸಂಜೆಗಳು ಸಿಗುತ್ತವಲ್ಲ ಎಂದು ತಾನೇ ಒಪ್ಪಿಕೊಂಡು ಬಂದಳು. ಅಂದೇ ಬಾಯಿ ಬಿಡಬೇಕಿತ್ತು. ಬಾಯಿ ಬಿಟ್ಟೆ ಕೂಡ, "ಆರು ದಿನ ಬಂದ್ರೆ ಒಳ್ಳೇದಲ್ವಾ?" ಎಂದೆ, ಅಷ್ಟೇ. "ನಿಂಗೆ ನನ್ ಮೇಲೆ ಭಾಳ ಆಸೆ" ಎಂದು ನಕ್ಕಳು.

ಕ್ರೀಡಾಕೂಟದ ದಿನ ಅವಳು ಐದನೆಯವಳಾಗಿ ಗೋಡೆ ಮುಟ್ಟಿದಳು. ಮೈಕಿನಲ್ಲಿ ಓದಿದರು: ನಲವತ್ತೇಳು ಪಾಯಿಂಟ್ ಎಂಟು. ಟವೆಲ್ ಸುತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನೇರ ನನ್ನ ಬಳಿ ಬಂದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದು ಎಳೆಯುತ್ತಾ, "ಬಾರಣ್ಣ ಇಲ್ಲಿ, ಇವ್ರ ವಾಚು ಕೆಟ್ಟೋಗದೆ. ದಿನಾ ಎಷ್ಟ್ ಬತ್ತಿತ್ತು ಅಂತ ನೀನೇ ಯೋಳು ಇವ್ರಿಗೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತೀರ್ಪುಗಾರರ ಮೇಜಿಗೆ ಹತ್ತು ಹೆಜ್ಜೆ ಇದ್ದಾಗ ನಿಂತೆ. "ಅವ್ರ ವಾಚು ಸರಿಯಾಗದೆ ಕಣವ್ವ. ಕೆಟ್ಟಿರದು ನಾನು" ಎಂದೆ. ಕೈ ಬಿಟ್ಟಳು. "ಯಾವಾಗ್ಲಿಂದ?" ಎಂದಳು. "ಆಡಿಟ್ಟಿಂದ" ಎಂದೆ. ಕನ್ನಡಕ ಹಾಕಿಕೊಂಡು ನನ್ನ ಮುಖವನ್ನು ಒಮ್ಮೆ ಸ್ಪಷ್ಟವಾಗಿ ನೋಡಿದಳು. ಆಮೇಲೆ, "ಗಾಡಿ ತೆಗಿ" ಎಂದಳು.

ಈಗ ಅವಳಿಗೆ ಎರಡು ಟೇಬಲ್ಲು, ಕಚೇರಿ ಬಿಡುವಾಗ ರಾತ್ರಿ ಎಂಟು ಗಂಟೆ. ಬೆಳಿಗ್ಗೆ ಮಾತ್ರ ಹಟ ಹಿಡಿದು ಆರೂ ದಿನ ಈಜುತ್ತಾಳೆ. ಗಾಡಿ ಓಡಿಸುವ ಕೆಲಸ ನನಗೇ ಉಳಿದಿದೆ. ವಾಚು ಕೊಳದ ಕಾವಲುಗಾರನ ಕೈಗೆ ಹೋಗಿದೆ. ಅವನು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತಾನೆ, ಮುಖ ನೋಡುವುದಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತದೆ. ಆ ಐದು ತಿಂಗಳಲ್ಲಿ ನನ್ನ ವಾಚು ಒಂದು ದಿನವೂ ನಲವತ್ತೊಂಬತ್ತರ ಕೆಳಗೆ ಇಳಿದಿರಲಿಲ್ಲ. ಅಂದು ನಲವತ್ತೇಳು ಪಾಯಿಂಟ್ ಎಂಟು ಬಂತಲ್ಲ, ಅದು ಅವಳು ಈಜಿದ್ದರಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಈಜಿದ್ದು. ಕುಣಿಯಬೇಕಾದ ದಿನ ಅವಳು ಅತ್ತಳು. ಇದು ಗೊತ್ತಿರುವವನು ಲೋಕದಲ್ಲಿ ನಾನೊಬ್ಬನೇ. ಮೊನ್ನೆ ಧೈರ್ಯ ಮಾಡಿ, ಬೈಕು ಓಡಿಸುತ್ತಲೇ, ಹಿಂದಕ್ಕೆ ತಿರುಗದೆ ಎಲ್ಲವನ್ನೂ ಹೇಳಿದೆ.

"ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸಣ್ಣ" ಎಂದಳು. "ನನ್ ಸಮಾಧಾನಕ್ಕೆ ಇನ್ನೂ ಎಷ್ಟ್ ಸುಳ್ಳು ಯೋಳೀಯೆ?"