ಎರಡನೇ ಬ್ಯಾಟರಿಯ ವಿರುದ್ಧ ನಾನು ಮಾಡಿದ ಭಾಷಣ

ವಾದದಲ್ಲಿ ಗೆಲ್ಲುವುದಕ್ಕೂ ಸರಿಯಾಗಿರುವುದಕ್ಕೂ ಸಂಬಂಧವಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಪುರಾವೆ ಕೇಳುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಕಪ್ ತಂದವನು ನಾನು. ಈ ಒಂದೇ ಅರ್ಹತೆಯ ಮೇಲೆ ಕುಂಬಳೆಯ ನಮ್ಮ ಕ್ಲಬ್ಬಿನವರು ಹೊಸ ಆಂಬುಲೆನ್ಸಿನ ಕರೆಂಟು ವ್ಯವಸ್ಥೆ ಆರಿಸುವ ಸಮಿತಿಗೆ ನನ್ನನ್ನು ಹಾಕಿದರು. ಡ್ರೈವರ್ ಅದ್ದುಚ್ಚನ ಬೇಡಿಕೆ ಒಂದೇ: ರೋಗಿಯ ಯಂತ್ರಗಳಿಗೆಂದೇ ಎರಡನೇ ಬ್ಯಾಟರಿ. ಕ್ಲಬ್ಬಿನ ಸಭೆಯಲ್ಲಿ ನಾನು ಅದನ್ನು ವಿರೋಧಿಸಿ ಎದ್ದು ನಿಂತೆ. ಇಂಜಿನ್ ಓಡುವಾಗ ಇರುವ ಬ್ಯಾಟರಿಯೇ ಚಾರ್ಜ್ ಆಗುತ್ತದೆ; ಆಂಬುಲೆನ್ಸ್ ಎಂದರೆ ಓಡುವ ವಾಹನ; ಆದ್ದರಿಂದ ಎರಡನೆಯದು ಅನಗತ್ಯ. ಚಪ್ಪಾಳೆ ಬಿತ್ತು. "ಓಡ್ಲಿಕ್ಕೆ ರೋಡ್ ಬೇಕಲ್ಲ ಮಾರಾಯ," ಎಂದರು ಅದ್ದುಚ್ಚ. ಅದು ವಾದವಲ್ಲ, ಗೊಣಗಾಟ ಎಂದೆ. ಅದಕ್ಕೂ ಚಪ್ಪಾಳೆ. ಬ್ಯಾಟರಿಯ ಬದಲಿಗೆ ಇನ್ನೊಂದು ಸಾಲು ದೀಪವೂ ಐದು ರಾಗದ ಸೈರನ್ನೂ ಬಂದವು. ಹಣ ಕೊಟ್ಟ ಗಲ್ಫಿನ ದಾನಿಗಳಿಗೂ ಅದೇ ಇಷ್ಟ. ಸೀಟಿನಡಿಯ ಬ್ಯಾಟರಿಯ ಮೇಲೆ ಹೆಸರು ಬರೆಸಿದರೆ ಓದುವವರು ಯಾರು?

"ನಿಂಗೆ ಪುರಾವೆ ಬೇಕಲ್ಲ, ಬಾ, ಹತ್ತು," ಎಂದು ಅದ್ದುಚ್ಚ ಒಂದು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದೆ ಮಲಗಿದ್ದವರು ಮಂಗಳೂರಿನ ಆಸ್ಪತ್ರೆಗೆ ಹೊರಟ ನಮ್ಮೂರಿನ ಸರೋಜಕ್ಕ, ಮೂಗಿನಲ್ಲಿ ಆಮ್ಲಜನಕದ ಯಂತ್ರದ ನಳಿಗೆ, ಬದಿಯಲ್ಲಿ ಮಗಳು. ಹೊಸಂಗಡಿಯ ಸರ್ವಿಸ್ ರೋಡಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಓಡುವ ವಾಹನ ನಿಂತಿತು. ನಿಂತಲ್ಲಿ ಇಂಜಿನ್ ಕೊಡುವ ಕರೆಂಟು ಕಡಿಮೆ. ದೀಪ, ಸೈರನ್, ಎ.ಸಿ. ಸೇರಿ ಇದ್ದ ಒಂದೇ ಬ್ಯಾಟರಿಯನ್ನು ಹೀರುತ್ತಿದ್ದವು. ರೋಗಿಯ ಯಂತ್ರಕ್ಕೆ ಕರೆಂಟು ಕೊಡುವ ಇನ್ವರ್ಟರ್, ಬ್ಯಾಟರಿ ಇಳಿಯುತ್ತಿದೆಯೆಂದು ಕೀ ಕೀ ಎನ್ನತೊಡಗಿತು. "ಇದು ಎಂತ ಶಬ್ದ? ಅಮ್ಮನ ಮೆಷಿನ್ ಬಂದ್ ಆಗ್ತದಾ?" ಎಂದಳು ಮಗಳು. ತುರ್ತಿಗೆ ಇಟ್ಟಿದ್ದ ಸಿಲಿಂಡರ್ ಚಿಕ್ಕದು, ಮಂಗಳೂರಿನ ತನಕ ಬರುವಂಥದ್ದಲ್ಲ.

ಅದ್ದುಚ್ಚ ದೀಪ ಆರಿಸಿದರು, ಸೈರನ್ ನಿಲ್ಲಿಸಿದರು, ಎ.ಸಿ. ಬಂದ್ ಮಾಡಿದರು, ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಒತ್ತಿ ಹಿಡಿದು ಇಂಜಿನ್ ಜೋರಾಗಿ ತಿರುಗಿಸಿದರು. ಕೀ ಕೀ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, "ಸೈರನ್ ಇಲ್ಲ ಈಗ. ನೀನು ಇಳಿ, ಬೊಬ್ಬೆ ಹಾಕು," ಎಂದರು. ಇಳಿದೆ. ಮುಂದಿನ ಕಾರಿನವನು ಗಾಜು ಇಳಿಸಿ, "ಲೈಟ್ ಇಲ್ಲ, ಸೈರನ್ ಇಲ್ಲ. ಒಳಗೆ ಪೇಶೆಂಟ್ ಉಂಟು ಅಂತ ಎಂತ ಗ್ಯಾರಂಟಿ?" ಎಂದ. ಪ್ರಶ್ನೆ ನ್ಯಾಯವಾದದ್ದೇ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕೈ ಮುಗಿದೆ. ಅವನು ಕಾರನ್ನು ಬದಿಗೆ ತೆಗೆದ. ಜಂಕ್ಷನ್ ದಾಟುವ ತನಕ ಹಾಗೆಯೇ ಕೈ ಮುಗಿಯುತ್ತಾ ಓಡಿದೆ. ಅಷ್ಟು ಜನರನ್ನು ನಾನು ಯಾವ ಭಾಷಣದಿಂದಲೂ ಒಪ್ಪಿಸಿದ್ದಿಲ್ಲ.

ಸರೋಜಕ್ಕ ಗುಣವಾಗಿ ಮನೆಗೆ ಬಂದರು. ಎರಡನೇ ಬ್ಯಾಟರಿಯೂ ಬಂತು. ಸಭೆಯಲ್ಲಿ ಅದರ ಪರವಾಗಿ ಮಾತಾಡಿದವನೂ ನಾನೇ, ಚಪ್ಪಾಳೆಯೂ ಬಿತ್ತು. ಚಪ್ಪಾಳೆ ನಿಂತ ಮೇಲೆ ಅದ್ದುಚ್ಚ, "ಇವ ಹೇಳಿದ್ದು ಸರಿ. ಆದ್ರೆ ಬ್ಯಾಟರಿಯನ್ನು ನೋಡಿಕೊಳ್ಳುದು ಯಾರು?" ಎಂದು ಕೇಳಿ ನನ್ನನ್ನೇ ನೋಡಿದರು. ಈಗ ಪ್ರತಿ ಆದಿತ್ಯವಾರ ಬೆಳಿಗ್ಗೆ ನಾನು ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ ಹುಡಿ ಉಜ್ಜಿ, ನೀರಿನ ಮಟ್ಟ ನೋಡಿ, ವೋಲ್ಟೇಜ್ ಅಳೆಯುತ್ತೇನೆ. ಎಲ್ಲ ಸರಿ ಉಂಟು ಎಂದರೆ ಸಾಲದು. ಅದ್ದುಚ್ಚ ಕನ್ನಡಕ ಏರಿಸಿಕೊಂಡು, "ಬಾಯಲ್ಲಿ ಬೇಡ, ಮೀಟರ್ ತೋರಿಸು," ಎನ್ನುತ್ತಾರೆ. ತೋರಿಸುತ್ತೇನೆ.