ಲಾಂಡ್ರಿ ಹಿಂದಿನ ಊಟದ ಕೋಣೆಯನ್ನು ಒಳ್ಳೆಯ ಜಾಗಗಳ ಪಟ್ಟಿಯಿಂದ ಕಿತ್ತುಹಾಕುವ ಬಗ್ಗೆ

ಇಂದ:
ಅಕ್ಕತಂಗಿಯರ ಪೈಕಿ ತಂಗಿ,
ವಯಸ್ಸು ಎಪ್ಪತ್ತಮೂರು, ಗುಂಡಿ ಕಾರ್ಖಾನೆಯ ನಿವೃತ್ತ ಕೆಲಸಗಾರ್ತಿ,
ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ,
ಎರಡನೆಯ ಅಡ್ಡರಸ್ತೆ.

ಗೆ:
ಮಾನ್ಯ ಅಧ್ಯಕ್ಷರು,
ಊಟ-ತಿಂಡಿ ಉಪಸಮಿತಿ,
ಬಡಾವಣೆ ನಿವಾಸಿಗಳ ಸಂಘ,
ಮೇಲಿನ ಮಹಡಿ, ಗಾಜಿನ ಬಾಗಿಲು.

ವಿಷಯ: ಅರ್ಜಿದಾರಳು ತಾನೇ ಮಾಡಿದ ಶಿಫಾರಸನ್ನು ವಾಪಸು ಪಡೆಯುವ, ಹಾಗೂ ಸದರಿ ಕೋಣೆಯು ಹೋಗಲು ಯೋಗ್ಯವಲ್ಲವೆಂದು ಅಚ್ಚು ಹಾಕಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಉಪಸಮಿತಿ ಹೊರತಂದ "ಬಡಾವಣೆಯಲ್ಲಿ ಎಲ್ಲಿ ಉಣ್ಣೋಣ?" ಎಂಬ ಕೈಪಿಡಿ, ಬಣ್ಣದ ಹೊದಿಕೆಯದು.
2. ಅದರ ಕೊನೆಯ ಪುಟದ ಹರಿದು ಕೊಡುವ ನಮೂನೆ, ಅರ್ಜಿದಾರಳು ತುಂಬಿ ಕೊಟ್ಟದ್ದು.
3. ಕಳೆದ ಭಾನುವಾರ ಸದರಿ ಕೋಣೆಗೆ ತಾವು ದಯಮಾಡಿಸಿದ್ದು, ಬಿಳಿ ಷೂ ಸಮೇತ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಅಮೂಲ್ಯ ಗಮನಕ್ಕೆ ತರುವುದೇನೆಂದರೆ:

1. ಅರ್ಜಿದಾರಳ ಅಕ್ಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ನಾನೂರು ಜನಕ್ಕೆ ಬೇಯಿಸಿ ಹಾಕಿದವಳು. ಮನೆಯಲ್ಲೂ ಅಡುಗೆ ಅಕ್ಕನದು, ಪಾತ್ರೆ ತಂಗಿಯದು. ಈ ಏರ್ಪಾಟಿನ ಮೇಲೆ ನಲವತ್ತು ವರ್ಷ ಯಾವ ದೂರೂ ದಾಖಲಾಗಿಲ್ಲ. ಹೋದ ವರ್ಷ ಅಕ್ಕನ ಕೈ ನಡುಗಲು ಶುರುವಾಯಿತು. ಬಿಸಿ ಪಾತ್ರೆ ಎರಡು ಸಲ ಕಾಲ ಮೇಲೆ ಬಿತ್ತು. ಆದಕಾರಣ ಸೌಟು ಅರ್ಜಿದಾರಳ ಕೈಗೆ ಬಂತು. ಮೊದಲ ದಿನ ಬೇಯಿಸಿದ ಆಲೂಗಡ್ಡೆಯನ್ನು ಅಕ್ಕ ಚಮಚದಿಂದ ಒಂದು ಸಲ ತಿರುವಿ ಹಾಕಿ, "ಇದು ನಿನಗೇನು ದ್ರೋಹ ಮಾಡಿತ್ತೇ?" ಎಂದು ಕೇಳಿದಳು.

2. ಅಕ್ಕ ಊಟ ಬಿಟ್ಟಳು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆ ಮುಂದೆ ಕೂತು, ಎರಡು ತುತ್ತು ತಿಂದು, "ಸಾಕು ಕಣೇ, ನೀನು ತಿನ್ನು" ಎಂದು ಗೋಡೆ ಕಡೆ ತಿರುಗುವಳು. ಐದು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಳು. ಚಿಕಿತ್ಸಾಲಯದ ಡಾಕ್ಟರಮ್ಮ ಅಕ್ಕನನ್ನು ತಕ್ಕಡಿಯಿಂದ ಇಳಿಸಿ, ಅರ್ಜಿದಾರಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಔಷಧಿ ಏನೂ ಇಲ್ಲಮ್ಮ ಇದಕ್ಕೆ. ಅವರು ತಿನ್ನೋದು ಎಲ್ಲಾದ್ರೂ ಸಿಗುತ್ತಾ ನೋಡಿ. ಇಲ್ಲಾಂದ್ರೆ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ."

3. ಆದ್ದರಿಂದ ಅರ್ಜಿದಾರಳು ಉಲ್ಲೇಖ ಒಂದರ ಕೈಪಿಡಿಯನ್ನು ಸಂಘದ ಕಚೇರಿಯಿಂದ ತಂದು, ಕನ್ನಡಕ ಒರೆಸಿಕೊಂಡು, ಅಡಿಯಿಂದ ಮುಡಿಯವರೆಗೆ ಓದಿದಳು. ಎಂಟು ಜಾಗಗಳು. ಎಂಟಕ್ಕೂ ನಾಲ್ಕು ನಕ್ಷತ್ರ ಇಲ್ಲವೇ ಐದು. ಇಷ್ಟೊಂದು ಒಳ್ಳೆಯ ಊಟ ಕಾಲ್ನಡಿಗೆಯಲ್ಲೇ ಇರುವಾಗ ಬಡಾವಣೆಯ ಜನ ಯಾಕೆ ಸದಾ ಸಿಡುಕುತ್ತ ಓಡಾಡುತ್ತಾರೆಂದು ಅವಳಿಗೆ ಆಶ್ಚರ್ಯವಾಯಿತು. ಹೋಗಿ ನೋಡಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ.

4. ಮೊದಲನೆಯದಕ್ಕೆ ಐದು ನಕ್ಷತ್ರ. ಒಳಗೆ ಕತ್ತಲೆ. ಕೈ ಹಿಡಿದು ಕೂರಿಸಲು ಒಬ್ಬ, ಕೂತ ಮೇಲೆ ವಿಚಾರಿಸಲು ಇನ್ನೊಬ್ಬ. ಮೊರದಷ್ಟು ಅಗಲದ ತಟ್ಟೆಯ ಮೂಲೆಯಲ್ಲಿ ಹೆಬ್ಬೆರಳಷ್ಟು ಕುಂಬಳಕಾಯಿ, ಅದರಿಂದ ಆಚೆಗೆ ಒಂದು ಹಸಿರು ಗೆರೆ. ಅಕ್ಕ ಬಗ್ಗಿ ನೋಡಿ, "ಏನೇ ಇದು, ತಟ್ಟೆ ಮೇಲೆ ಹುಳ ಹರಿದು ಹೋಗಿದೆಯಲ್ಲ," ಎಂದಳು. ವಿಚಾರಿಸುವವನು "ಅದು ಸಾಸ್, ಮೇಡಂ" ಎಂದ. "ಯಾರದಾದರೂ ಆಗಲಪ್ಪ, ಒರೆಸಿಕೊಂಡು ಬಾ," ಎಂದಳು ಅಕ್ಕ.

ಎರಡನೆಯದರಲ್ಲಿ ಊಟದ ಪಟ್ಟಿಯೇ ಇಲ್ಲ, ಮೇಜಿಗೆ ಅಂಟಿಸಿದ ಕಪ್ಪು ಚೌಕವನ್ನು ಫೋನಿಗೆ ತೋರಿಸಬೇಕು. ಅರ್ಜಿದಾರಳ ಫೋನು ಮಾತಾಡಲು ಮಾತ್ರ ಬರುವಂಥದ್ದು. ಅಕ್ಕತಂಗಿಯರು ಮುಕ್ಕಾಲು ಗಂಟೆ ಆ ಚೌಕವನ್ನು ನೋಡುತ್ತ ಕೂತು, ನೀರು ಕುಡಿದು ಎದ್ದು ಬಂದರು. ಮೂರನೆಯದರಲ್ಲಿ ಕುರ್ಚಿಗಳ ಬದಲು ತೂಗುಯ್ಯಾಲೆ. ಸೂಪು ತುಂಬಿದ ಬಟ್ಟಲನ್ನು ನಡುಗುವ ಕೈಯವಳ ಮುಂದಿಟ್ಟು ಉಯ್ಯಾಲೆಯಲ್ಲಿ ಕೂರಿಸಿದ ಬುದ್ಧಿವಂತಿಕೆಯನ್ನು ಅರ್ಜಿದಾರಳು ಇಲ್ಲಿ ವರ್ಣಿಸಲು ಹೋಗುವುದಿಲ್ಲ. ಸೀರೆಯ ಕಲೆ ಇನ್ನೂ ಹೋಗಿಲ್ಲ. ನಾಲ್ಕು ಮತ್ತು ಐದನೆಯವುಗಳ ಬಗ್ಗೆ ಬರೆದು ಕಾಗದ ಹಾಳು ಮಾಡುವ ಇಚ್ಛೆಯಿಲ್ಲ. ಐದನೆಯದರಿಂದ ಬರುವಾಗ ಅಕ್ಕ ದಾರಿಬದಿಯ ಕಟ್ಟೆ ಮೇಲೆ ಕುಸಿದಳು. "ನನ್ನನ್ನ ಹೀಗೆ ಬೀದಿ ಬೀದಿ ಮೆರವಣಿಗೆ ಮಾಡ್ಬೇಡ ಕಣೇ," ಎಂದಳು. "ನಳಿಕೆಯೇ ವಾಸಿ. ಅದಕ್ಕೆ ನಾಲಿಗೆ ತಂಟೆ ಇಲ್ಲ."

5. ಅದೇ ಕಟ್ಟೆಯ ಪಕ್ಕದಲ್ಲಿ ಸಂಘದ ಕಾರು ನಿಂತಿತ್ತು. ಅದರ ಚಾಲಕ ಅಕ್ಕನಿಗೆ ನೀರು ಕೊಟ್ಟು, ಅರ್ಜಿದಾರಳ ಕೈಯಲ್ಲಿದ್ದ ಕೈಪಿಡಿ ನೋಡಿ ನಕ್ಕ. ಯಾಕೆ ನಕ್ಕೆಯಪ್ಪ ಎಂದದ್ದಕ್ಕೆ ಅವನು ಹೇಳಿದ್ದಿಷ್ಟು: "ಅಜ್ಜಿ, ಎಂಟು ಜಾಗಾನೂ ಸಮಿತಿಯವರು ಒಂದೇ ಭಾನುವಾರ ಮುಗಿಸಿದ್ರು. ಕರ್ಕೊಂಡು ಹೋಗಿದ್ದು ನಾನೇ ತಾನೇ? ಮೂರನೇದಕ್ಕೆ ಬರೋ ಹೊತ್ತಿಗೆ ಹೊಟ್ಟೆ ಬಿರಿಯೋ ಹಾಗಾಗಿತ್ತು. ಆಮೇಲೆ ಯಾರೂ ಬಾಯಿಗೆ ಹಾಕ್ಲಿಲ್ಲ. ಕುರ್ಚಿ ನೋಡಿದ್ರು, ಕೈ ತೊಳೆಯೋ ಜಾಗ ನೋಡಿದ್ರು, ಕಾರು ನಿಲ್ಲಿಸೋಕೆ ಜಾಗ ಇದ್ಯಾ ಅಂತ ನನ್ನ ಕೇಳಿದ್ರು. ನಕ್ಷತ್ರ ಹಾಕಿದ್ರು."

ಅಂದರೆ, ಮಾನ್ಯರೇ, ಕೈಪಿಡಿಯಲ್ಲಿರುವ ಐದು ಜಾಗಗಳ ಊಟದ ರುಚಿಯನ್ನು ತಮ್ಮ ಉಪಸಮಿತಿ ಕುರ್ಚಿಯ ಮೇಲೆ ಕೂತು ಎದ್ದು ತಿಳಿದುಕೊಂಡಿದೆ. ಯಾವ ಅಂಗದಿಂದ ರುಚಿ ನೋಡಿದಿರಿ ಎಂದು ಬಿಡಿಸಿ ಬರೆಯುವುದು ಅರ್ಜಿಯ ಮರ್ಯಾದೆಗೆ ಹೊಂದುವುದಿಲ್ಲ. ಈ ವಿಷಯ ತಿಳಿಸಿದ್ದಕ್ಕಾಗಿ ಚಾಲಕನ ಮೇಲೆ ಕ್ರಮ ಕೈಗೊಂಡಲ್ಲಿ, ಅರ್ಜಿದಾರಳು ಇದೇ ಅರ್ಜಿಯನ್ನು ಸಂಘದ ಸೂಚನಾ ಫಲಕಕ್ಕೆ ಅಂಟಿಸುವಳು. ಅಂಟು ಮನೆಯಲ್ಲಿದೆ.

"ಹಾಗಾದ್ರೆ ನೀನೆಲ್ಲಿ ಉಣ್ತೀಯಪ್ಪ?" ಎಂದು ಅಕ್ಕ ಕೇಳಿದಳು. ಚಾಲಕ ಕೈ ತೋರಿಸಿದ.

6. ಸದರಿ ಕೋಣೆ ಲಾಂಡ್ರಿಯ ಹಿಂದಿದೆ. ಬೋರ್ಡಿಲ್ಲ. ಆರು ಸ್ಟೂಲು, ಒಂದು ಉದ್ದನೆಯ ಹಲಗೆ, ಲಾಂಡ್ರಿಯ ಹಬೆ ಗೋಡೆಯ ಬಿರುಕಿನಿಂದ ಬರುತ್ತದೆ. ನಡೆಸುವವನು ಹಿಂದೆ ಬಸ್ಸಿನಲ್ಲಿದ್ದವನು. ಈಗಲೂ ಬಾಗಿಲಲ್ಲಿ ನಿಂತು "ಒಳಗೆ ಬನ್ನಿ, ಒಳಗೆ ಬನ್ನಿ, ಹಿಂದೆ ಜಾಗ ಇದೆ" ಎನ್ನುತ್ತಾನೆ, ಹಿಂದೆ ಗೋಡೆ ಬಿಟ್ಟು ಬೇರೇನೂ ಇಲ್ಲದಿದ್ದರೂ. ಎಲ್ಲರೂ ಅವನನ್ನು ಕಂಡಕ್ಟರ್ ಎಂದೇ ಕರೆಯುವುದು. ದಿನಕ್ಕೆ ಒಂದೇ ಬಗೆ. ಆ ದಿನ ಬಟಾಣಿ, ಈರುಳ್ಳಿ, ಪಕ್ಕಕ್ಕೆ ರೊಟ್ಟಿ.

ಅಕ್ಕ ಒಂದು ಚಮಚ ತಿಂದಳು. ಇನ್ನೊಂದು ತಿಂದಳು. ಮೂರನೆಯದಕ್ಕೆ ಎದ್ದು, ಹಲಗೆ ಹಿಡಿದುಕೊಂಡು, ನೇರ ಒಲೆಯ ಹತ್ತಿರ ಹೋದಳು.

"ಏನಯ್ಯಾ, ಈರುಳ್ಳೀನ ಬಾಡಿಸೋಕೆ ಮೊದಲೇ ನೀರು ಹುಯ್ದೆಯಾ?"

ಕಂಡಕ್ಟರ್ ಸೌಟು ಕೆಳಗಿಟ್ಟ. "ನಿಮಗೆ ಹೇಗೆ ಗೊತ್ತಾಯ್ತು?"

"ಅವಸರದವನ ಕೈ ಅಡುಗೇಲಿ ಗೊತ್ತಾಗಲ್ವೇನೋ? ಬಸ್ಸೇನು ಹೊರಟುಹೋಗುತ್ತಾ? ನಾಳೆ ಬರ್ತೀನಿ, ನನ್ನೆದುರಿಗೆ ಮಾಡು."

ಹಾಗೆಂದು ವಾಪಸು ಬಂದು ತಟ್ಟೆ ಖಾಲಿ ಮಾಡಿದಳು. ಅರ್ಜಿದಾರಳ ತಟ್ಟೆಯಿಂದಲೂ ರೊಟ್ಟಿ ತೆಗೆದುಕೊಂಡಳು. ಅರ್ಜಿದಾರಳು ಲಾಂಡ್ರಿಯ ಹಬೆ ಕಣ್ಣಿಗೆ ಹೊಡೆಯಿತೆಂದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದಳು.

7. ಮರುದಿನದಿಂದ ಒಲೆಯ ಪಕ್ಕದಲ್ಲಿ ಏಳನೆಯ ಸ್ಟೂಲು ಬಂತು. ಬೆಳಿಗ್ಗೆ ಹತ್ತಕ್ಕೆ ಅಕ್ಕ ಅದರ ಮೇಲೆ ಹಾಜರು. ಕೈ ಅವಳದು ನಡುಗುತ್ತದೆ, ಕೈಕೆಲಸ ಕಂಡಕ್ಟರನದು. ನಾಲಿಗೆ ಮಾತ್ರ ಪೂರ್ತಿ ಅವಳದೇ. ಅವಳು ಬಾಯಿಗಿಟ್ಟು ತಲೆಯಾಡಿಸುವ ತನಕ ಲಾಂಡ್ರಿಯವರಿಗೆ ಬಡಿಸುವಂತಿಲ್ಲ. ಇಸ್ತ್ರಿ ಮಾಡುವ ಹೆಂಗಸು ಹೊರಗಿನಿಂದಲೇ ಕೂಗುವಳು, "ಅಜ್ಜೀ, ಇವತ್ತು ಪಾಸೋ ಫೇಲೋ?" ಅಕ್ಕ, "ಇನ್ನೂ ಪರೀಕ್ಷೆ ನಡೀತಾ ಇದೆ, ಕೂತ್ಕೊಳ್ಳೇ," ಎನ್ನುವಳು. ಎರಡೂವರೆ ತಿಂಗಳಲ್ಲಿ ಆರು ಕಿಲೋ ವಾಪಸು ಬಂತು. ಡಾಕ್ಟರಮ್ಮ ನಳಿಕೆಯ ಮಾತು ಬಿಟ್ಟರು.

8. ಇಲ್ಲಿ ಅರ್ಜಿದಾರಳು ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅವಳು ನಲವತ್ತೈದನೆಯ ವಯಸ್ಸಿಗೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಖಾಲಿ ಗೆರೆ ಕಂಡರೆ ಅವಳಿಗೆ ತುಂಬದೆ ಇರಲಾಗುವುದಿಲ್ಲ. ಅಂಚೆ ಕಚೇರಿಯಲ್ಲಿ ಬೇರೆಯವರ ನಮೂನೆಗಳನ್ನೂ ಕೇಳಿ ತುಂಬಿಕೊಡುತ್ತಾಳೆ. ತಮ್ಮ ಕೈಪಿಡಿಯ ಕೊನೆಯಲ್ಲಿ "ತಮಗೆ ತಿಳಿದ ಒಳ್ಳೆಯ ಜಾಗ ಯಾವುದು? ಯಾಕೆ?" ಎಂದು ಒಂಬತ್ತು ಗೆರೆ ಬಿಟ್ಟಿದ್ದಿರಿ. ಅವಳು ಒಂಬತ್ತನ್ನೂ ತುಂಬಿ, ಸಾಲದೆ ಅಂಚಿನಲ್ಲೂ ಬರೆದು, ಗಾಜಿನ ಬಾಗಿಲ ಪೆಟ್ಟಿಗೆಗೆ ಹಾಕಿದಳು. ಅದನ್ನು ಯಾರಾದರೂ ಓದಿಯಾರೆಂಬ ಅನುಮಾನ ಅವಳಿಗೆ ಬರಲಿಲ್ಲ. ಸಂಘದ ಪೆಟ್ಟಿಗೆಗಳ ಬಗ್ಗೆ ಅವಳಿಗೆ ಅಷ್ಟು ನಂಬಿಕೆಯಿತ್ತು.

9. ಆದರೆ ತಾವು ಓದಿದಿರಿ. ಕಳೆದ ಭಾನುವಾರ ಕಾರ್ಯದರ್ಶಿ ಹಾಗೂ ಫೋಟೋ ತೆಗೆಯುವವರ ಜೊತೆ ಬಂದಿರಿ. "ಬಚ್ಚಿಟ್ಟ ಮುತ್ತು" ಎಂಬ ಹೊಸ ವಿಭಾಗದಲ್ಲಿ ಇದಕ್ಕೆ ನಾಲ್ಕು ನಕ್ಷತ್ರ ಖಾತ್ರಿ ಎಂದಿರಿ. ತಿಂದದ್ದು ಮೂರು ಜನ ಸೇರಿ ಒಂದು ಚಮಚ, ಅದೂ ಫೋಟೋಕ್ಕೆ. ಆಮೇಲೆ ಷರತ್ತು ಓದಿದಿರಿ: ಬೋರ್ಡು ಬೇಕು, ಬೆನ್ನಿರುವ ಕುರ್ಚಿ ಬೇಕು, ಬಿರುಕು ಮುಚ್ಚಬೇಕು, ಅಡುಗೆಯ ಜಾಗದಲ್ಲಿ ಸಂಬಂಧವಿಲ್ಲದವರು ಕೂರತಕ್ಕದ್ದಲ್ಲ. ಕಾರ್ಯದರ್ಶಿಗಳು ಅಕ್ಕನ ಕಡೆ ಪೆನ್ನು ತೋರಿಸಿ, "ಈ ಅಜ್ಜಿ ಸ್ವಲ್ಪ ಆ ಕಡೆ ಹೋದ್ರೆ ಫೋಟೋ ಚೆನ್ನಾಗಿ ಬರುತ್ತೆ," ಎಂದರು.

ಅಕ್ಕ ಕಂಡಕ್ಟರನ ಮುಖ ನೋಡಿದಳು. ಅವನು ತಲೆ ತಗ್ಗಿಸಿ, "ಬೋರ್ಡು ಬಂದ್ರೆ ನಾಲ್ಕು ಜನ ಜಾಸ್ತಿ ಬರ್ತಾರೆ ಅಕ್ಕ..." ಎಂದ.

"ಬರಲಿ ಬಿಡು. ಬೋರ್ಡನ್ನೇ ಬೇಯಿಸಿ ಹಾಕು," ಎಂದು ಅಕ್ಕ ಎದ್ದಳು. ತಾವು ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಿ. ಅದೊಂದು ಸೌಜನ್ಯ ತಮ್ಮಿಂದ ಆಗಿದೆ, ಬರೆದಿಡಲಾಗಿದೆ.

10. ಸೋಮವಾರ ಅಕ್ಕ ಹೋಗಲಿಲ್ಲ. ತಟ್ಟೆ ಮುಂದೆ ಕೂತು ಎರಡು ತುತ್ತು ತಿಂದು ಗೋಡೆ ಕಡೆ ತಿರುಗಿದಳು. ಮಂಗಳವಾರ ಆ ಎರಡು ತುತ್ತೂ ಇಲ್ಲ. ಬುಧವಾರ ಮಧ್ಯಾಹ್ನ ಕಂಡಕ್ಟರ್ ಮುಚ್ಚಳದ ಡಬ್ಬ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಮೂರು ದಿನದಿಂದ ಲಾಂಡ್ರಿಯವರು ತಟ್ಟೇಲಿ ಅರ್ಧ ಬಿಡ್ತಿದ್ದಾರೆ. ಏನು ತಪ್ಪಾಗಿದೆ ಅಂತ ನಂಗೆ ತಿಳೀತಿಲ್ಲ. ನೋಡಿ ಹೇಳಿ."

"ನಾನು ಸಂಬಂಧವಿಲ್ಲದವಳು ಕಣೋ."

"ಬೋರ್ಡೂ ಬೇಡ ಏನೂ ಬೇಡ. ತಪ್ಪಾಯ್ತು. ಬನ್ನಿ."

"ನೀನು ಬೇಡ ಅಂದ್ರೆ ಅವರು ಬಿಡ್ತಾರಾ?"

ಅವನು ಆಗಲೇ ಸಂಘಕ್ಕೆ ಹೋಗಿ ಕೇಳಿ ಬಂದಿದ್ದ. ಶಿಫಾರಸನ್ನು ಕೊಟ್ಟವರೇ ಲಿಖಿತವಾಗಿ ವಾಪಸು ಪಡೆಯಬೇಕು, ಇಲ್ಲವಾದರೆ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಷರತ್ತು ಪಾಲಿಸದಿದ್ದರೆ ಬಾಡಿಗೆಗೆ ಕೊಟ್ಟವರಿಗೆ ದೂರು ಹೋಗುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದ್ದರಂತೆ. "ಆ ಪುಣ್ಯಾತ್ಮರು ಯಾರೋ ಗೊತ್ತಿಲ್ಲ," ಎಂದ ಕಂಡಕ್ಟರ್, "ಸಿಕ್ಕಿದ್ರೆ ಕಾಲು ಹಿಡೀತೀನಿ."

ಅರ್ಜಿದಾರಳು ತನ್ನ ಕಾಲುಗಳನ್ನು ಮಂಚದ ಕೆಳಗೆ ಎಳೆದುಕೊಂಡಳು. ಅಕ್ಕ ಅದನ್ನು ನೋಡಿದಳು. ಎಪ್ಪತ್ತು ವರ್ಷದಿಂದ ನೋಡುತ್ತಿರುವವಳಿಗೆ ಅಷ್ಟು ಸಾಕಾಗಿತ್ತು.

"ಎಲ್ಲಾ ಗೆರೆ ತುಂಬಿದೆಯೇನೇ?"

"ಅಂಚೂ," ಎಂದಳು ಅರ್ಜಿದಾರಳು.

"ಕಾಗದ ತಗೋ," ಎಂದಳು ಅಕ್ಕ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿಯೂ, ಕಾಣಿಸದ ಇನ್ನೂ ಹಲವು ಕಾರಣಗಳಿಂದಾಗಿಯೂ, ಅರ್ಜಿದಾರಳು ಉಲ್ಲೇಖ ಎರಡರಲ್ಲಿ ಬರೆದ ಒಳ್ಳೆಯ ಮಾತುಗಳನ್ನೆಲ್ಲ ಈ ಮೂಲಕ ವಾಪಸು ಪಡೆದಿದ್ದಾಳೆ. ಪಟ್ಟಿಯಿಂದ ಹೆಸರು ತೆಗೆಯುವುದು ನಿಯಮದ ಪ್ರಕಾರ ಆಗದ ಮಾತಾದರೆ, ತಮಗೆ ಶ್ರಮವಾಗದಿರಲೆಂದು ಅಚ್ಚಿಗೆ ಬೇಕಾದ ಒಕ್ಕಣೆಯನ್ನು ಅವಳೇ ಸಿದ್ಧಪಡಿಸಿದ್ದಾಳೆ: "ಜಾಗ ಇಕ್ಕಟ್ಟು. ಸೆಕೆ. ಕುರ್ಚಿಗೆ ಬೆನ್ನಿಲ್ಲ. ಮಾಲೀಕನಿಗೆ ಮಾತು ಜಾಸ್ತಿ. ಒಲೆಯ ಹತ್ತಿರ ಒಬ್ಬ ಮುದುಕಿ ಕೂತು ಬಂದವರನ್ನೆಲ್ಲ ಬೈಯುತ್ತಾಳೆ. ಕಾರು ನಿಲ್ಲಿಸಲು ಆಗುವುದಿಲ್ಲ. ನಕ್ಷತ್ರ: ಇಲ್ಲ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತಮ್ಮ ಕೈಪಿಡಿಯಲ್ಲಿ ಅಂಥ ಒಂದು ಪುಟವಾದರೂ ಇದ್ದಂತಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಪದ್ಧತಿಯಂತೆ,
ತಮ್ಮ ವಿಶ್ವಾಸಿ,
(ಸಹಿ)
ಅಕ್ಕತಂಗಿಯರ ಪೈಕಿ ತಂಗಿ

ಲಗತ್ತುಗಳು:
1. ಚಿಕಿತ್ಸಾಲಯದ ತೂಕದ ಚೀಟಿಗಳು, ಇಳಿದವು ಮತ್ತು ಏರಿದವು.
2. ಕಲೆಯಾದ ಸೀರೆಯ ಸೆರಗಿನ ತುಂಡು, ಉಯ್ಯಾಲೆಯ ಜಾಗಕ್ಕೆ ತಾವು ಕೊಟ್ಟ ಐದು ನಕ್ಷತ್ರಗಳ ಜೊತೆ ಇಟ್ಟು ನೋಡಲು.
3. ಲಾಂಡ್ರಿಯ ಹದಿನಾಲ್ಕು ಜನರ ಸಹಿ. ಇಬ್ಬರದು ಹೆಬ್ಬೆಟ್ಟು; ಅವರಿಗೆ ಅರ್ಜಿದಾರಳು ಸಂಜೆ ಹೊತ್ತು ಅಕ್ಷರ ಹೇಳಿಕೊಡುತ್ತಿದ್ದಾಳೆ, ಮುಂದಿನ ಅರ್ಜಿಗೆ ಸಹಿ ಬರುತ್ತದೆ.
4. ಅಕ್ಕ ಹೇಳಿ ಬರೆಸಿದ ಹೇಳಿಕೆ, ಒಂದು ಪುಟ. ಬೈಗುಳಗಳ ಮೇಲೆ ಗೆರೆ ಎಳೆಯಲಾಗಿದೆ. ಕೆಳಗಿರುವುದು ಓದಲು ಬರುತ್ತದೆ.

ಕೊನೆಯ ಬಿನ್ನಹ: ಈ ಅರ್ಜಿಯ ವಿಚಾರಣೆ ಮುಗಿಯುವವರೆಗೆ ಸದರಿ ಕೋಣೆಯಲ್ಲಿ ಯಾವ ಸ್ಟೂಲನ್ನೂ ಅಲುಗಿಸಬಾರದೆಂದು ತಮ್ಮದೇ ನಿಯಮಾವಳಿಯ ಹನ್ನೊಂದನೆಯ ಕಲಮು ಹೇಳುತ್ತದೆ; ಅರ್ಜಿದಾರಳು ಓದಿದ್ದಾಳೆ. ಎರಡನೆಯ ಅಡ್ಡರಸ್ತೆಯ ಬೀದಿದೀಪದ ಬಗ್ಗೆ ಅವಳು ಕೊಟ್ಟ ಅರ್ಜಿ ಹನ್ನೆರಡು ವರ್ಷದಿಂದ ತಮ್ಮ ಪರಿಶೀಲನೆಯಲ್ಲಿದೆ. ಇದನ್ನೂ ದಯವಿಟ್ಟು ಅದರ ಕೆಳಗೇ ಇಟ್ಟು, ಅದೇ ಕಾಳಜಿಯಿಂದ ಪರಿಶೀಲಿಸಬೇಕಾಗಿ ಕೋರಿಕೆ. ಅಕ್ಕನಿಗೆ ಈಗ ಎಪ್ಪತ್ತೊಂಬತ್ತು. ಹನ್ನೆರಡು ವರ್ಷ ಧಾರಾಳವಾಯಿತು.